ಗುಡ್ಡಕ್ಕೆ ತಕ್ಕ ಗಾಡಿ

ಕುರಿಗಳಿಗೆ ಲಸಿಕೆ ಹಾಕುವುದು ನನ್ನ ಕೆಲಸ. ನಾನು ಡಾಕ್ಟರ್ ಅಲ್ಲ; ಆದರೆ ಕೈಯಲ್ಲಿ ಸೂಜಿ ಹಿಡಿದವರನ್ನೆಲ್ಲ ನಮ್ಮ ಕಡೆ ಡಾಕ್ಟರ್ ಸಾಬ್ ಅಂತಲೇ ಕರೆಯುತ್ತಾರೆ. ಬಸವಕಲ್ಯಾಣ, ಹುಮನಾಬಾದ್ ಸುತ್ತಲಿನ ಹಳ್ಳಿಗಳನ್ನು ದಿನಾ ತಿರುಗುವವನಿಗೆ ಒಂದಿಲ್ಲೊಂದು ಫಜೀತಿ ತಪ್ಪಿದ್ದಲ್ಲ. ಅದರಲ್ಲೂ ಹೋದ ವರ್ಷ ಗಾಡಿ ಬದಲಿಸಲು ಹೊರಟಾಗ ಆದದ್ದನ್ನು ನೆನೆಸಿಕೊಂಡರೆ ಒಬ್ಬನೇ ಕೂತಾಗಲೂ ನಗು ಬರುತ್ತದೆ.

೧. ಯಾರ ಮೇಲೆ ಯಾರು?

ಮೊದಲು ನನ್ನ ಹತ್ತಿರ ಇದ್ದದ್ದು ಸಣ್ಣ ಗಾಲಿಯ ಸ್ಕೂಟರ್. ಡಾಂಬರು ರಸ್ತೆಯ ಮೇಲೆ ಅದು ಬಲು ಸಭ್ಯ. ಕೆಂಪು ಗರಸುಕಲ್ಲಿನ ದಾರಿ ಕಂಡರೆ ಮಾತ್ರ ಹಟ ಹಿಡಿಯುತ್ತಿತ್ತು. ಕುರಿಗಾರರ ಹಟ್ಟಿ ಇರುವುದೋ ಗುಡ್ಡದ ತುದಿಗೆ. ಕಾಲ ಬಳಿ ಲಸಿಕೆಯ ಐಸ್ ಡಬ್ಬಿ ಇಟ್ಟುಕೊಂಡು ಹೊರಟರೆ ಅರ್ಧ ದಾರಿಗೇ ಸ್ಕೂಟರ್ ಕೈಕೊಡುತ್ತಿತ್ತು. ಐಸ್ ಕರಗಿದರೆ ಲಸಿಕೆ ಹಾಳು. ಲಸಿಕೆ ಹಾಳಾದರೆ ಹಟ್ಟಿಯ ಮುನ್ನೂರು ಕುರಿಗಳ ಗತಿ ಏನು? ಈ ಚಿಂತೆಯಲ್ಲೇ ಒಂದು ದಿನ ಜೋರಾಗಿ ರೇಸ್ ಕೊಟ್ಟೆ. ಹಿಂದಿನ ಗಾಲಿ ಜಾರಿತು. ನಾನು ಕೆಳಗೆ, ಸ್ಕೂಟರ್ ನನ್ನ ಮೇಲೆ. ಡಬ್ಬಿಯನ್ನು ಮಾತ್ರ ಎದೆಗೆ ಅಪ್ಪಿಕೊಂಡು ಉಳಿಸಿದ್ದೆ.

ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದ ಹಟ್ಟಿಯ ಅಜ್ಜಿ ನಿಂತು ನೋಡಿದಳು.

"ಡಾಕ್ಟರ್ ಸಾಬ್ರ, ನೀವು ಗಾಡಿ ಮ್ಯಾಲ ಬಂದೀರೇನ್ರಿ, ಗಾಡಿ ನಿಮ್ಮ ಮ್ಯಾಲ ಬಂದದೇನ್ರಿ?"

೨. ಅನುಭವಿಯ ಸಲಹೆ

ಮರುದಿನವೇ ಹುಮನಾಬಾದಿನ ಮೆಕ್ಯಾನಿಕ್ ಹತ್ತಿರ ಹೋದೆ. ಸ್ಕೂಟರಿನ ಮುರಿದ ಕನ್ನಡಿ ತೋರಿಸಿ, "ಗುಡ್ಡಕ್ಕ ಯಾವ ಗಾಡಿ ಛಲೋ?" ಅಂತ ಕೇಳಿದೆ.

ಕೈ ಒರೆಸಿಕೊಂಡು ಪಾಠ ಶುರು ಮಾಡಿದ. "ಟೈರಿಗೆ ದಪ್ಪ ಹಲ್ಲ ಇರಬೇಕ್ರಿ. ಗಾಡಿ ಹೊಟ್ಟಿ ಕಲ್ಲಿಗೆ ತಾಕಬಾರ್ದು. ಇಳುಕಲಿನ್ಯಾಗ ಮುಂದಿನ ಬ್ರೇಕ್ ಒಂದ ಹಿಡ್ದೀರಂದ್ರ ಖತಂ!" ಹೀಗೇ ಒಂದು ತಾಸು ಹೇಳಿದ. ಒಂದೊಂದು ಮಾತೂ ಬಂಗಾರದಂಥದ್ದು. ಇಷ್ಟು ತಿಳಿದವನ ಹತ್ತಿರ ಎಂಥ ಗಾಡಿ ಇರಬಹುದು ಅಂತ ಕುತೂಹಲವಾಗಿ, "ನಿಮ್ಮದು ಯಾವ ಗಾಡಿ?" ಅಂದೆ.

"ನಂದೇನ್ರಿ? ನಾ ದುಬಲಗುಂಡಿಯಿಂದ ದಿನಾ ಬಸ್ಸಿಗೇ ಬರ್ತೀನ್ರಿ. ಇವುಗಳ ಒಳಗ ಏನೇನದ ಅಂತ ಮುಂಜಾನಿಂದ ಸಂಜೀತನ ನೋಡಾಕತ್ತೇನಲ್ರಿ!"

೩. ಪರೀಕ್ಷೆ

ಹಳೇ ಗಾಡಿ ಮಾರುವ ಅಂಗಡಿ ಬಸವಕಲ್ಯಾಣದಲ್ಲಿತ್ತು. ಹೆಂಡತಿಯನ್ನೂ ಕರೆದುಕೊಂಡು ಹೋದೆ. ಅಂಗಡಿಯವ ಒಂದು ಎತ್ತರದ ಗಾಡಿ ತೋರಿಸಿದ. ಹತ್ತಿ ಕೂತರೆ ನನ್ನ ಎರಡೂ ಕಾಲು ಗಾಳಿಯಲ್ಲಿ.

"ನೆಲಕ್ಕ ಕಾಲು ಮುಟ್ಟವಲ್ದು," ಅಂದೆ.

"ಅರೆ ಸಾಬ್, ಓಡ್ಸಾಗ ನೆಲ ಯಾಕ ಬೇಕ್ರಿ?" ಅಂದ ಆತ.

ನನ್ನವಳು ಸುಮ್ಮನಿರಲಿಲ್ಲ. "ಬೀಳಾಗ ಬೇಕಾಗ್ತದಲ್ರಿ!"

ಮಾತು ಚುಚ್ಚಿದರೂ ಬುದ್ಧಿ ಬಂತು. ಗುಡ್ಡದಲ್ಲಿ ಬೀಳುವುದು ಗ್ಯಾರಂಟಿ. ಬಿದ್ದ ಮೇಲೆ ಒಬ್ಬನೇ ಎತ್ತುವಂಥ ಗಾಡಿಯೇ ನನಗೆ ಸರಿ. ಮೂಲೆಯಲ್ಲಿ ದಪ್ಪ ಹಲ್ಲಿನ ಟೈರಿನ ಹಗುರ ಗಾಡಿಯೊಂದು ನಿಂತಿತ್ತು. ಕಾಲು ನೆಲಕ್ಕೆ ಮುಟ್ಟಿತು. ಇಳಿದು, ಅದನ್ನು ಮೆಲ್ಲಗೆ ಎಡಕ್ಕೆ ಮಲಗಿಸಿ ಎತ್ತಿದೆ. ಬಲಕ್ಕೆ ಮಲಗಿಸಿ ಮತ್ತೊಮ್ಮೆ ಎತ್ತಿದೆ.

ಅಂಗಡಿಯವನ ಬಾಯಿ ತೆರೆದೇ ಇತ್ತು. "ಸಾಬ್, ಎಲ್ಲಾರೂ ಓಡಿಸಿ ನೋಡಿ ತಗೋತಾರ. ಕೆಡವಿ ನೋಡಿ ತಗೊಳ್ಳಾವ್ರು ನೀವೇ ಮೊದಲು!"

೪. ಮೇಲೆ, ಕೆಳಗೆ

ಮುಂದಿನ ಲಸಿಕೆಗೆ ನಾಳೆ ಮುಂಜಾನೆ ಬರುತ್ತೇನೆ ಅಂತ ಹಟ್ಟಿಯ ಯಜಮಾನನಿಗೆ ಫೋನ್ ಮಾಡಿದೆ. ಹೊಸದಾಗಿ ಕೊಂಡ ಗಾಡಿಯ ಸುದ್ದಿ ಮಾತ್ರ ಹೇಳಲಿಲ್ಲ. ಕಂಡು ಬೆರಗಾಗಲಿ ಅಂತ.

ಗಾಡಿ ಗರಸನ್ನು ಕಚ್ಚಿ ಹಿಡಿದು ಒಂದೇ ಉಸಿರಿಗೆ ಗುಡ್ಡ ಏರಿತು. ಐಸ್ ಕಲ್ಲಿನ ಹಾಗೆ ಗಟ್ಟಿ ಇತ್ತು. ಅಷ್ಟು ಖುಷಿ ನನಗೆ ಮದುವೆಯ ದಿನವೂ ಆಗಿರಲಿಲ್ಲ. ಆದರೆ ಹಟ್ಟಿಯಲ್ಲಿ ಒಂದು ಕುರಿಯೂ ಇಲ್ಲ! ಅಜ್ಜಿಯೊಬ್ಬಳೇ ರೊಟ್ಟಿ ಬಡಿಯುತ್ತಿದ್ದಳು.

"ನೀವು ಇಲ್ಲಿಗ್ಯಾಕ ಬಂದ್ರಿ ಸಾಬ್ರ? ನಿಮ್ಮ ಗಾಡಿ ಏರಂಗಿಲ್ಲ, ಪಾಪ ನಿಮಗ ತ್ರಾಸ ಬ್ಯಾಡಂತ ಕುರಿ ಎಲ್ಲಾ ಹಿಂದಿನ ದಾರೀಲೆ ಕೆಳಗ ಹೊಡ್ಕೊಂಡು ಹೋಗ್ಯಾರಲ್ರಿ!"

ಅವರ ಪ್ರೀತಿಗೆ ಏನು ಹೇಳಲಿ? ಕೂಡಲೇ ಬಂದ ದಾರಿಯಲ್ಲೇ ಗಾಡಿ ಇಳಿಸಿದೆ. ಬುಡ ತಲುಪಿ ನೋಡಿದರೆ ಅಲ್ಲಿ ಬರೀ ಹಿಕ್ಕೆ. ಬುಡಕ್ಕೆ ಇಳಿಯುವಷ್ಟರಲ್ಲಿ ನಾನು ಮೇಲೆ ಹೋದದ್ದನ್ನು ದೂರದಿಂದ ಕಂಡು, ಸಾಬ್ರು ಕಾಯಬಾರದು ಅಂತ ಹಟ್ಟಿಯವರು ಹಿಂದಿನ ದಾರಿಯಲ್ಲಿ ಮುನ್ನೂರು ಕುರಿಗಳನ್ನೂ ಮತ್ತೆ ಮೇಲಕ್ಕೆ ಅಟ್ಟಿದ್ದರು!

ಫೋನ್ ಬಂತು. ಗುಡ್ಡದ ತುದಿಯಿಂದ ಯಜಮಾನ ಏದುಸಿರು ಬಿಡುತ್ತಿದ್ದ. ಆಮೇಲೆ ನಾನು ಮತ್ತೊಮ್ಮೆ ಏರಿದೆ, ಐಸ್ ಕರಗುವ ಮೊದಲೇ ಎಲ್ಲಾ ಕುರಿಗಳಿಗೂ ಸೂಜಿ ಬಿತ್ತು, ಅಜ್ಜಿಯ ರೊಟ್ಟಿಯೂ ಸಿಕ್ಕಿತು. ಆದರೆ ಫೋನಿನಲ್ಲಿ ಆತ ಕೇಳಿದ ಪ್ರಶ್ನೆ ಮಾತ್ರ ಇವತ್ತಿಗೂ ನೆನಪಿದೆ.

"ಸಾಬ್ರ, ಗಾಡಿ ಮಸ್ತ್ ಅದ ಬಿಡ್ರಿ. ಏರಾಕೂ ಬರ್ತದ, ಇಳ್ಯಾಕೂ ಬರ್ತದ. ಒಂದ್ ಕಡೆ ನಿಂದ್ರಾಕ ಬರ್ತದೇನ್ರಿ?"