ಮೊಲದ ಕೂದಲಿನಿಂದ ಹುಟ್ಟಿದ ಚಿರತೆ

ಮೊಲ ನೋಡಿಕೊಳ್ಳುವುದರಲ್ಲಿ ಮಹಾ ಏನಿದೆ? ಇಬ್ಬರು ಹೆಣ್ಣುಮಕ್ಕಳಿಗೆ ಸೊಂಟದವರೆಗಿನ ಜಡೆ ಹೆಣೆದು, ರಿಬ್ಬನ್ ಕಟ್ಟಿ, ಸ್ಕೂಲ್ ಬಸ್ಸು ಹಾರ್ನ್ ಹೊಡೆಯುವ ಮೊದಲೇ ಗೇಟಿನ ಹತ್ತಿರ ನಿಲ್ಲಿಸುತ್ತಿದ್ದವಳು ನಾನು. ಅಂಥ ನನಗೆ ಒಂದು ಮೊಲದ ಕೂದಲು ಬಾಚುವ ಕೆಲಸ ಒಪ್ಪಿಸುವಾಗ ಜುಬೇದಾ ಅಷ್ಟು ಅನುಮಾನದಿಂದ ನೋಡಬೇಕಾಗಿರಲಿಲ್ಲ!

ಜುಬೇದಾ ನನ್ನ ಕಾನ್ವೆಂಟ್ ಕಾಲದ ಗೆಳತಿ. ಇಬ್ಬರಿಗೂ ಒಂದೇ ಬೆಂಚು, ಒಂದೇ ಟಿಫನ್ ಬಾಕ್ಸು, ಒಂದೇ ಸ್ಕೇಲಿನ ಏಟು. ಈಗ ಅವಳ ಕುಟುಂಬದ್ದು ಬಾಳ್ಳುಪೇಟೆಯಲ್ಲಿ ಮೆಣಸಿನ ವ್ಯಾಪಾರ. ನಮ್ಮದು ಅಲ್ಲಿಂದ ಸ್ವಲ್ಪ ಒಳಗೆ ಒಂದು ಪುಟ್ಟ ಕಾಫಿ ತೋಟ. ಅವಳ ಗಂಡ ತೀರಿಕೊಳ್ಳುವ ಹಿಂದಿನ ವರ್ಷ ಎಲ್ಲಿಂದಲೋ ಒಂದು ಬಿಳಿ ಮೊಲ ತಂದುಕೊಟ್ಟಿದ್ದರು. ಮೊಲ ಅನ್ನುವುದಕ್ಕಿಂತ ಕಾಲು ಬಂದ ದಿಂಬು ಅನ್ನಬೇಕು, ಅಷ್ಟು ಕೂದಲು. ಹೆಸರು ಡಚೆಸ್, ಅಂದರೆ ದೊರೆಸಾನಿ. ನಮ್ಮ ಆಳುಗಳ ಬಾಯಲ್ಲಿ ಡಚ್ಚಮ್ಮ. ಗಂಡ ಹೋದಮೇಲೆ ಜುಬೇದಾ ಸಂಜೆಹೊತ್ತು ಮನಸ್ಸು ಬಿಚ್ಚಿ ಮಾತಾಡುವುದು ಈ ಡಚೆಸ್ ಜೊತೆಗೆ ಮಾತ್ರ. ನನ್ನ ಜೊತೆಗೂ ಅಷ್ಟು ಮಾತಾಡುವುದಿಲ್ಲ. ಸ್ವಲ್ಪ ಹೊಟ್ಟೆಕಿಚ್ಚು ಅನ್ನಿ!

ಮಗ ಸೊಸೆಯ ಜೊತೆ ಮೆಕ್ಕಾಗೆ ಉಮ್ರಾ ಯಾತ್ರೆ ಹೊರಟವಳು ಮೊಲದ ಬುಟ್ಟಿಯನ್ನು ನನ್ನ ಮಡಿಲಲ್ಲಿಟ್ಟಳು.

"ಲಿಲ್ಲಿ, ಸರಿಯಾಗಿ ಕೇಳಿಸ್ಕೋ. ಇವಳಿಗೀಗ ಮೋಲ್ಟಿಂಗ್ ಸೀಸನ್. ಹಳೇ ಕೂದಲು ಉದುರಿ ಹೊಸದು ಬರುತ್ತೆ. ದಿನಾ ಮೆತ್ತಗೆ ಬಾಚಬೇಕು. ಬಾಚದೆ ಇದ್ರೆ ನೆಕ್ಕಿ ನೆಕ್ಕಿ ಕೂದಲು ನುಂಗ್ತಾಳೆ. ಬೆಕ್ಕಿನ ಹಾಗೆ ಇವಕ್ಕೆ ವಾಂತಿ ಮಾಡೋಕೆ ಬರಲ್ಲ. ಹೊಟ್ಟೆ ಕಟ್ಟಿಬಿಟ್ರೆ ಅಷ್ಟೇ, ಜೀವ ಹೋಗುತ್ತೆ."

"ಡೋಂಟ್ ವರಿ ಡಿಯರ್," ಎಂದೆ. "ಲೀವ್ ಇಟ್ ಟು ಮಿ."

ಈ ಇಂಗ್ಲಿಷ್ ವಾಕ್ಯ ನಾನು ಹೇಳಿದಾಗಲೆಲ್ಲ ಏನೋ ಒಂದು ಅನಾಹುತ ಆಗುತ್ತದೆ ಎಂದು ನಮ್ಮ ಯಜಮಾನರು ಹೇಳುತ್ತಾರೆ. ನಾನು ಕಿವಿಗೆ ಹಾಕಿಕೊಳ್ಳುವುದಿಲ್ಲ.

ಮೊದಲ ದಿನ ವರಾಂಡದಲ್ಲಿ ಕುಳಿತು ಬಾಚತೊಡಗಿದೆ. ಬಂತು. ಇನ್ನೂ ಬಂತು. ಹಿಡಿ ಹಿಡಿಯಾಗಿ, ಮುಷ್ಟಿ ಮುಷ್ಟಿಯಾಗಿ ಬರುತ್ತಲೇ ಇತ್ತು! ಗಾಳಿ ಬೀಸಿತು. ಕೂದಲು ಎದ್ದು ಮನೆಯೊಳಗೆ ಮೆರವಣಿಗೆ ಹೊರಟಿತು. ದೇವರ ಪಟದ ಮೇಲೆ ಕೂತಿತು, ಟೀವಿಯ ಮೇಲೆ ಕೂತಿತು, ಕೊನೆಗೆ ಯಜಮಾನರ ಉಪ್ಪಿಟ್ಟಿನ ಮೇಲೆ ಕೂತಿತು.

"ಏನೇ ಇದು, ಉಪ್ಪಿಟ್ಟಿಗೆ ಗಡ್ಡ ಬಂದಿದೆ?" ಎಂದರು ಇವರು, ಕಣ್ಣಿಗೆ ಆಪರೇಷನ್ ಆಗಿ ಹಾಕಿಕೊಂಡಿದ್ದ ಕಪ್ಪು ಕನ್ನಡಕವನ್ನು ಮೇಲೆತ್ತಿ.

ಬಾಚಿದ ಕೂದಲನ್ನೆಲ್ಲ ಒಂದು ದಿಂಬಿನ ಚೀಲಕ್ಕೆ ತುಂಬಿಟ್ಟೆ. ಎಷ್ಟು ಚೆನ್ನಾಗಿ ಬಾಚಿದೆ ಎಂದು ಜುಬೇದಾಗೆ ಎವಿಡೆನ್ಸ್ ಬೇಡವೇ?

ಕೆಲವು ದಿನ ಕಳೆಯುವಷ್ಟರಲ್ಲಿ ಡಚೆಸ್‌ಳ ಪಕ್ಕೆಯಲ್ಲಿ ಅಂಗೈಯಗಲ ಬೋಳು! ತೆಳ್ಳಗಿನ ಗುಲಾಬಿ ಚರ್ಮ ಕಾಣುತ್ತಿತ್ತು. ಬೆನ್ನ ಮೇಲೆ ಅಲ್ಲೊಂದು ಇಲ್ಲೊಂದು ಗುಪ್ಪೆ. ಡಚೆಸ್ ಹೋಗಿ, ಬಸ್ ಸ್ಟ್ಯಾಂಡಿನಲ್ಲಿ ಬಿದ್ದಿದ್ದ ಹಳೆಯ ಹಾಸಿಗೆಯಂತಾಗಿದ್ದಳು.

"ಅದು ಪೊರೆ ಬಿಟ್ಟ ಹಾಗೆ ಕಣೇ, ಹೊಸದು ಬರುತ್ತೆ ಸುಮ್ನಿರು," ಎಂದರು ಇವರು.

ಸುಮ್ಮನಿರುವುದು ನನ್ನ ಜಾಯಮಾನವೇ? ಅದು ಕಾಫಿ ಕುಯ್ಲಿನ ಕಾಲ. ಬೆಳಗ್ಗೆ ಮಂಜು ಇಳಿದರೆ ಎದುರಿನ ಸಿಲ್ವರ್ ಓಕ್ ಮರವೇ ಕಾಣುವುದಿಲ್ಲ, ಅಂಥ ಚಳಿ. ಈ ಅರೆಬೆತ್ತಲೆ ಪ್ರಾಣಿಗೆ ನ್ಯುಮೋನಿಯಾ ಆದರೆ? ಜುಬೇದಾಗೆ ಏನೆಂದು ಮುಖ ತೋರಿಸಲಿ? ಕೂಡಲೇ ಮೊಮ್ಮಗನ ಹಳೆಯ ಕೆಂಪು ಸ್ವೆಟರಿನ ತೋಳನ್ನು ಕತ್ತರಿಸಿ, ಕಾಲಿಗೆಂದು ತೂತು ಮಾಡಿ, ಡಚೆಸ್‌ಗೆ ತೊಡಿಸಿದೆ. ಕನ್ನಡಿ ಹಿಡಿದೂ ತೋರಿಸಿದೆ. ಅವಳು ತನ್ನನ್ನು ತಾನು ಒಂದು ಕ್ಷಣ ನೋಡಿಕೊಂಡಳು. ಆಮೇಲೆ ನನ್ನನ್ನು ನೋಡಿದಳು. ಆ ನೋಟ ನನ್ನ ಶತ್ರುವಿಗೂ ಬೇಡ.

ಮರುಕ್ಷಣ ಹಿಂಗಾಲಿನಿಂದ ನನ್ನ ಹೊಟ್ಟೆಗೆ ಒದ್ದು, ಹಾರಿ, ಅಡುಗೆಮನೆಯ ಹಿಂಬಾಗಿಲಿನಿಂದ ಮಾಯವಾದಳು!

ನಾನು ಚಪ್ಪಲಿ ಹುಡುಕಿ ಮೆಟ್ಟಿಕೊಂಡು ಹೊರಗೆ ಬರುವಷ್ಟರಲ್ಲಿ ಕಾಫಿ ಒಣಗಿಸುವ ಕಣದ ತುಂಬ ಕೂದಲು. ಬಿಳಿ ಬಿಳಿ ಗುಪ್ಪೆ. ಬೇಲಿಯ ತಂತಿಯಲ್ಲಿ ಒಂದಷ್ಟು, ಮೆಣಸಿನ ಬಳ್ಳಿಯ ಬುಡದಲ್ಲಿ ಒಂದಷ್ಟು. ನಡುನಡುವೆ ಕೆಂಪು ಉಲನ್ ದಾರ, ಹರಿದು ಎಳೆದಾಡಿದಂತೆ. ಇಷ್ಟು ಕೂದಲು ಕಿತ್ತು ಹರಡುವ ಪ್ರಾಣಿ ಯಾವುದು? ಈ ಭಾಗದಲ್ಲಿ ಹುಟ್ಟಿ ಬೆಳೆದ ಯಾರನ್ನೇ ಕೇಳಿ, ಒಂದೇ ಉತ್ತರ: ಚಿರತೆ.

ನಮ್ಮ ಕಡೆ ಆನೆ ಗ್ರೂಪ್ ಅಂತ ಒಂದಿದೆ. ವಾಟ್ಸಾಪಿನದು. ಆನೆ ಎಲ್ಲಿ ಕಂಡರೂ ಜನ ಅದರಲ್ಲಿ ಹಾಕುತ್ತಾರೆ. ಅದನ್ನು ನೋಡಿಕೊಂಡೇ ನಮ್ಮ ಸುತ್ತಿನವರು ತೋಟಕ್ಕೆ ಇಳಿಯುವುದು. ಅದುವರೆಗೆ ಗುಡ್ ಮಾರ್ನಿಂಗ್ ಹೂವು ಹಾಕಿ ಬೈಸಿಕೊಂಡಿದ್ದು ಬಿಟ್ಟರೆ ಅದರಲ್ಲಿ ನನ್ನ ಕೊಡುಗೆ ಶೂನ್ಯ. ಅಂದು ಫೋನ್ ಬಾಯಿಗೆ ಹಿಡಿದು, ಕಾನ್ವೆಂಟಿನ ಎಲೊಕ್ಯೂಶನ್ ಸ್ಪರ್ಧೆಯಲ್ಲಿ ಭಾಷಣ ಮಾಡುತ್ತಿದ್ದ ಗಂಭೀರ ದನಿಯಲ್ಲಿ ವಾಯ್ಸ್ ಮೆಸೇಜ್ ಹಾಕಿದೆ: "ಸಮಸ್ತ ಬಂಧುಗಳ ಗಮನಕ್ಕೆ. ಅರ್ಜೆಂಟ್. ನಮ್ಮ ಕಣಕ್ಕೆ ಹಾಡಹಗಲೇ ಚಿರತೆ ಬಂದು ಒಂದು ಜೀವವನ್ನು ತೆಗೆದುಕೊಂಡು ಹೋಗಿದೆ. ದಯವಿಟ್ಟು ಯಾರೂ ಹೊರಗೆ ಬರಬೇಡಿ."

ಜೊತೆಗೆ ಕೂದಲಿನ ಫೋಟೋ.

ಅರ್ಧ ಗಂಟೆಯಲ್ಲಿ ತೋಟಗಳು ಖಾಲಿ! ಹಣ್ಣು ಕುಯ್ಯುತ್ತಿದ್ದ ಆಳುಗಳು ಚೀಲ ಬಿಸಾಡಿ ತಾವಿರುವ ಲೈನ್ ಮನೆ ಸೇರಿದರು. ಪಕ್ಕದ ತೋಟದ ಸೋಮೇಗೌಡರ ಜೀಪು ಹಾರ್ನ್ ಬಾರಿಸುತ್ತಾ ಜನರನ್ನು ತುಂಬಿಕೊಂಡು ಓಡಿತು. ಗ್ರೂಪಿನಲ್ಲಿ ಮಾತ್ರ ಸಂತೆ. ಮಗ್ಗೆ ಊರಲ್ಲಿ ಒಬ್ಬರು ಅದರ ಬಾಲ ನೋಡಿದ್ದರು. ಹೊಂಗಡಹಳ್ಳದಲ್ಲಿ ಒಬ್ಬರಿಗೆ ಅದರ ಗರ್ಜನೆ ಕೇಳಿತ್ತು. ಇನ್ನೊಬ್ಬರು ಎರಡು ಮರಿಗಳೂ ಇವೆ ಎಂದು ಖಚಿತಪಡಿಸಿದರು. ನಾನು ಹುಟ್ಟಿಸಿದ ಚಿರತೆ ಮಧ್ಯಾಹ್ನದೊಳಗೆ ಬಾಣಂತಿಯಾಗಿತ್ತು!

ಅದನ್ನೆಲ್ಲ ಓದಿ ಓದಿ ನನಗೇ ಹೆದರಿಕೆ ಹೆಚ್ಚಾಗಿ, ಹಿಂಬಾಗಿಲಿಗೆ ಒನಕೆ ಅಡ್ಡ ಇಟ್ಟು ಕುಳಿತೆ. ಆಗ ಫೋನ್ ಬಡಿದುಕೊಂಡಿತು. ವಿಡಿಯೋ ಕಾಲ್. ಜುಬೇದಾ!

ದೇವರೇ. ಪವಿತ್ರ ಜಾಗದಲ್ಲಿರುವವಳಿಗೆ ನಿನ್ನ ಡಚೆಸ್ ಹೋದಳು ಎಂದು ಹೇಗೆ ಹೇಳಲಿ? ಯೋಚಿಸಲು ಸಮಯವಿರಲಿಲ್ಲ. ದಿಂಬಿನ ಚೀಲದ ಕೂದಲನ್ನೆಲ್ಲ ಬುಟ್ಟಿಗೆ ಸುರಿದು, ಗುಂಡಗೆ ತಟ್ಟಿ, ಬೆನ್ನಿನ ಆಕಾರ ಕೊಟ್ಟು, ದೂರದಿಂದ ಫೋನ್ ತೋರಿಸಿದೆ.

"ನೋಡು, ಮಲಗಿದ್ದಾಳೆ. ಆಫ್ಟರ್‌ನೂನ್ ನ್ಯಾಪ್."

"ಮಾಶಾ ಅಲ್ಲಾ, ಎಷ್ಟು ದಪ್ಪ ಆಗಿದ್ದಾಳೆ!" ಎಂದಳು ಜುಬೇದಾ.

ಅದೇ ಹೊತ್ತಿಗೆ ನಮ್ಮ ಯಜಮಾನರು ಬುಟ್ಟಿಯ ಪಕ್ಕದಲ್ಲಿ ಸೀನಿದರು. ಇವರದು ಮಾಡಿನ ಹೆಂಚು ಕದಲಿಸುವಂಥ ಸೀನು. ಡಚೆಸ್‌ಳ ತಲೆ ಹಾರಿ ಫ್ಯಾನಿಗೆ ಹೋಯಿತು. ಹಿಂಭಾಗ ನೇರವಾಗಿ ಫೋನಿನ ಮೇಲೆ ಬಂದು ಕೂತಿತು.

ಆ ಕಡೆ ಜುಬೇದಾ ಮುಖವನ್ನು ಫೋನಿಗೆ ಹತ್ತಿರ ತಂದಳು.

"ಲಿಲ್ಲಿ," ಎಂದಳು. "ಆ ಗ್ರೂಪಿನಲ್ಲಿ ನಾನೂ ಇದ್ದೀನಿ ಕಣೆ. ನಿನ್ನ ಮೆಸೇಜ್ ಕೇಳಿಯೇ ಫೋನ್ ಮಾಡಿದ್ದು. ನೀನಾಗಿ ಹೇಳ್ತೀಯೇನೋ ಅಂತ ಕಾದೆ."

ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕತೊಡಗಿದೆ.

"ಅಳಬೇಡ. ನಿಜ ಹೇಳು, ರಕ್ತ ಇತ್ತಾ?"

ರಕ್ತ? ಯೋಚಿಸಿದೆ. ಕೂದಲಿತ್ತು, ಕೆಂಪು ದಾರವಿತ್ತು. ರಕ್ತ ಒಂದು ಹನಿಯೂ ಇರಲಿಲ್ಲ.

"ಹಾಗಾದ್ರೆ ಬದುಕಿದ್ದಾಳೆ. ಅದು ಉದುರೋ ಕೂದಲು, ಪೆದ್ದಿ! ತಂತಿಗೆ ತಾಗಿದ್ರೂ ಕಿತ್ತು ಬರುತ್ತೆ. ಹೋಗು, ಹುಡುಕು. ನಾನಿಲ್ಲಿ ದುವಾ ಮಾಡ್ತೀನಿ. ಅವರು ಕೊಟ್ಟಿದ್ದರಲ್ಲಿ ನನಗೆ ಉಳಿದಿರೋ ಜೀವ ಅದೊಂದೇ ಕಣೆ."

ಇಷ್ಟಾದ ಮೇಲೆ ಮನೆಯಲ್ಲಿ ಕೂರುವುದು ಸಾಧ್ಯವೇ? ಒಂದು ಕೈಯಲ್ಲಿ ಕೊತ್ತಂಬರಿ ಕಟ್ಟು, ಇನ್ನೊಂದರಲ್ಲಿ ಛತ್ರಿ ಹಿಡಿದು ತೋಟಕ್ಕೆ ಇಳಿದೆ. ಗೇಟಿನ ಹತ್ತಿರ ಚಿರತೆ ಹುಡುಕಲು ಬಂದಿದ್ದ ಫಾರೆಸ್ಟ್ ವಾಚರ್ ಮಂಜಣ್ಣ ಅಡ್ಡ ಬಂದ.

"ಅಮ್ಮಾವ್ರೇ, ಒಳಿಕ್ಕೋಗಿ. ಚಿರ್ತೆ ಐತೆ ಅಂತ ಮೆಸೇಜ್ ಬಂದೈತೆ."

"ಮೆಸೇಜ್ ಹಾಕಿದ್ದೇ ನಾನು ಮಾರಾಯ! ಚಿರತೆ ಇಲ್ಲ!"

"ಅಂಗಂದ್ರೆ ಎಂಗೆ? ಮರಿ ಬೇರೆ ಹಾಕೈತಂತೆ. ಊರೋರೆಲ್ಲ ನೋಡ್ಬುಟ್ಟವ್ರೆ."

ಅವನನ್ನು ಒಪ್ಪಿಸಲಾಗಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಪೂರ್ತಿ ನಂಬಿಕೆ ಇರಲಿಲ್ಲ. ಇಷ್ಟು ಜನ ನೋಡಿದ್ದು ಸುಳ್ಳಾಗುತ್ತದೆಯೇ? ಗಿಡಗಳ ನಡುವೆ ಒಂದೊಂದೇ ಹೆಜ್ಜೆ ಇಟ್ಟೆ. ಹಕ್ಕಿಗಳೂ ಸುಮ್ಮನಿದ್ದವು. ಹಿಂದೆ ಮಂಜಣ್ಣ, ಕೈಯಲ್ಲಿ ಪಟಾಕಿ. ಇದ್ದಕ್ಕಿದ್ದಂತೆ ಮುಂದಿನ ಗಿಡದ ಬುಡದಲ್ಲಿ ತರಗೆಲೆ ಸರಸರ ಎಂದಿತು. ನನ್ನ ಬಾಯಿ ತಾನಾಗಿ ಮೊದಲು ಕಾನ್ವೆಂಟಿನ ಹೇಲ್ ಮೇರಿ ಪ್ರಾರ್ಥನೆ ಹೇಳಿತು, ಆಮೇಲೆ ಮಂಜುನಾಥ ಸ್ವಾಮಿಯನ್ನು ಕರೆಯಿತು, ಕೊನೆಗೆ ಜುಬೇದಾಳ ಪರವಾಗಿ ಯಾ ಅಲ್ಲಾ ಎಂದಿತು. ಯಾರಾದರೂ ಒಬ್ಬರು ಬಿಡುವಾಗಿರಲಿ!

"ಅಯ್ಯಯ್ಯೋ, ಕೆಂಪು ಅಂಗಿ ಇಕ್ಕಂಡೈತೆ ಕಣ್ರೀ!" ಎಂದು ಮಂಜಣ್ಣ ಕಿರುಚಿದ.

ಡಚೆಸ್! ಕಾಫಿ ಗಿಡದ ಕತ್ತರಿಸಿದ ರೆಂಬೆಯ ಮೊಂಡಿಗೆ ಸ್ವೆಟರು ಸಿಕ್ಕಿ, ಬಿಡಿಸಿಕೊಳ್ಳಲಾಗದೆ ಕೂತಿದ್ದಳು. ಬೆಚ್ಚಗಿರಲಿ ಎಂದು ನಾನು ತೊಡಿಸಿದ್ದೇ ಅವಳಿಗೆ ಉರುಳಾಗಿತ್ತು. ಬಾಯಿಯ ಸುತ್ತ ಕೂದಲು ಮೆತ್ತಿತ್ತು. ಅಷ್ಟು ಹೊತ್ತೂ ಗಾಬರಿಯಲ್ಲಿ ಮೈ ನೆಕ್ಕಿಕೊಂಡಿದ್ದಳು.

ಮನೆಗೆ ತಂದೆ. ಕೊತ್ತಂಬರಿ ಮೂಸಲಿಲ್ಲ. ಕ್ಯಾರೆಟ್ ಮುಟ್ಟಲಿಲ್ಲ. ಬೆನ್ನು ಗೂನು ಮಾಡಿ ಮೂಲೆಯಲ್ಲಿ ಕೂತುಬಿಟ್ಟಳು. ದನದ ಡಾಕ್ಟರಿಗೆ ಫೋನ್ ಮಾಡಿದೆ.

"ಈಗಲೇ ಕರ್ಕೊಂಡು ಬನ್ನಿ ಮೇಡಂ. ಅಲ್ಲೀವರೆಗೆ ನೀರು, ಒಣಹುಲ್ಲು ಮುಂದಿಡಿ, ಹೊಟ್ಟೆ ಮೆತ್ತಗೆ ನೀವಿ. ಹಿಕ್ಕೆ ಬಿದ್ರೆ ಗೆದ್ದ ಹಾಗೆ."

ಕಣ್ಣಿನ ಆಪರೇಷನ್ ಆದ ಇವರು ಕಾರು ಓಡಿಸುವಂತಿಲ್ಲ. ಬಾಳ್ಳುಪೇಟೆಯ ಆಟೋದವನಿಗೆ ಫೋನ್ ಮಾಡಿದೆ.

"ಆ ರಸ್ತೇಲಿ ಚಿರ್ತೆ ಐತಂತಲ್ಲ ಅಮ್ಮಾ, ನಾ ಬರಾಕಿಲ್ಲ."

"ಚಿರತೆ ಇಲ್ಲಪ್ಪ!"

"ನೀವೇ ಯೋಳಿದ್ದು ಕೇಳ್ದೆ. ಎಷ್ಟು ಚೆಂದಾಗಿ ಯೋಳಿದ್ರಿ."

ಇನ್ನೊಬ್ಬನೂ ಬರಲಿಲ್ಲ. ಮತ್ತೊಬ್ಬ ಫೋನೇ ಎತ್ತಲಿಲ್ಲ. ನನ್ನ ಎಲೊಕ್ಯೂಶನ್ ಊರಿಗೆ ಊರನ್ನೇ ಗೆದ್ದಿತ್ತು, ರಸ್ತೆ ಮುಚ್ಚಿತ್ತು. ಕಣದ ಮೂಲೆಯ ಇಳಿಬಿಸಿಲಿನಲ್ಲಿ ಹುಲ್ಲು ಹಾಸಿ, ಡಚೆಸ್‌ಳನ್ನು ಕೂರಿಸಿ, ಹೊಟ್ಟೆ ನೀವುತ್ತಾ ಕುಳಿತೆ. ಅವಳ ಪುಟ್ಟ ಎದೆ ನನ್ನ ಬೆರಳ ಕೆಳಗೆ ಡವಡವ ಎನ್ನುತ್ತಿತ್ತು. "ಹೋಗಬೇಡ ಕಣಮ್ಮ," ಎಂದೆ. "ಸಂಜೆ ಅವಳು ಯಾರ ಹತ್ತಿರ ಮಾತಾಡಬೇಕು?" ಬಿಸಿಲು ಜಾರಿತು. ಇವರು ಶಾಲು ತಂದು ನನ್ನ ಹೆಗಲಿಗೆ ಹೊದಿಸಿ, ಒಂದು ಮಾತೂ ಬೈಯದೆ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತರು. ಅದೇ ಇನ್ನೂ ಹೆದರಿಕೆ ಹುಟ್ಟಿಸಿತು.

ದೀಪ ಹಚ್ಚುವ ಹೊತ್ತಿಗೆ ಡಚೆಸ್ ಒಂದು ಹುಲ್ಲುಕಡ್ಡಿ ಎಳೆದಳು. ಜಗಿದಳು. ಇನ್ನೊಂದು ಎಳೆದಳು. ಆಮೇಲೆ ಸ್ವಲ್ಪ ಮುಂದೆ ಸರಿದಳು.

ಅಲ್ಲಿ, ಹುಲ್ಲಿನ ಮೇಲೆ, ಮೂರು ಹಿಕ್ಕೆ!

ನುಂಗಿದ ಕೂದಲಿನ ಎಳೆಯಲ್ಲಿ ಪೋಣಿಸಿದ್ದರಿಂದ ಥೇಟ್ ಮಣಿಸರದ ತುಂಡಿನಂತಿತ್ತು. ಮುತ್ತು ಹವಳ ಎಲ್ಲ ನೋಡಿದ್ದೇನೆ. ಇಷ್ಟು ಚೆಂದದ್ದನ್ನು ನೋಡಿರಲಿಲ್ಲ. ಅಂಗೈಯಲ್ಲಿ ಎತ್ತಿ ಹಿಡಿದು ಗಳಗಳ ಅತ್ತುಬಿಟ್ಟೆ. ಇವರು ಕಪ್ಪು ಕನ್ನಡಕದೊಳಗೆ ಬೆರಳು ತೂರಿಸಿ ಕಣ್ಣೊರೆಸಿಕೊಂಡರು.

ಅಷ್ಟರಲ್ಲಿ ಗೇಟು ಕಿರ್ ಎಂದಿತು. ಸೋಮೇಗೌಡರು. ಒಂದು ದಿನದ ಕುಯ್ಲು ಹಾಳಾಗಿ ಮುಖ ಕೆಂಡವಾಗಿತ್ತು. ಕೈಯಲ್ಲಿ ದೊಣ್ಣೆ, ಹಿಂದೆ ಆಳುಗಳ ದಂಡು.

"ಏನಮ್ಮಾವ್ರೇ, ಬೆಳಗ್ಗಿಂದ ಜೀವ ಕೈಯಲ್ಲಿ ಹಿಡ್ಕಂಡು ಕೂತಿದ್ದೀವಿ. ಎಲ್ಲೈತೆ ನಿಮ್ಮ ಚಿರ್ತೆ? ಏನಾದ್ರೂ ಸಿಕ್ತಾ?"

ಸಂತೋಷದಲ್ಲಿ ನನಗೆ ಹಿಂದುಮುಂದು ತಿಳಿಯಲಿಲ್ಲ. "ಸಿಕ್ಕಿತು ಗೌಡ್ರೇ, ನೋಡಿ!" ಎಂದು ಅಂಗೈ ಚಾಚಿದೆ.

ಸಂಜೆಗತ್ತಲಲ್ಲಿ ಅವರು ಬಗ್ಗಿ, ಕಣ್ಣು ಕಿರಿದು ಮಾಡಿ, ತುಂಬ ಹತ್ತಿರದಿಂದ ನೋಡಿದರು. ಆಮೇಲೆ ನೆಟ್ಟಗೆ ನಿಂತು ನಮ್ಮ ಯಜಮಾನರ ಕಡೆ ತಿರುಗಿ, ತೀರ ಮೆಲ್ಲಗೆ ಕೇಳಿದರು:

"ಅಣ್ಣಾ, ಅಮ್ಮಾವ್ರಿಗೆ ಎಷ್ಟು ದಿನದಿಂದ ಹಿಂಗೈತೆ?"

"ಮದುವೆ ಆದಾಗಿನಿಂದ," ಎಂದರು ಇವರು.