ಮಬ್ಬುಕೊಂಡ ಪ್ರವಾಸದ ಮಾದರಿ ವರದಿ

ಸರ್ಕಾರಿ ನೌಕರನು ರಜಾದಿನಗಳಲ್ಲಿಯೂ ಲಿಖಿತ ಅನುಮತಿಯಿಲ್ಲದೆ ಕೇಂದ್ರಸ್ಥಾನವನ್ನು ಬಿಡತಕ್ಕದ್ದಲ್ಲ. ಹೈದರಾಬಾದಿನ ಹಳೆಯ ಕಡತಗಳ ಸಂರಕ್ಷಣಾ ನಿರ್ದೇಶನಾಲಯದಲ್ಲಿ ಈ ನಿಯಮವನ್ನು ವಿಶೇಷ ಶ್ರದ್ಧೆಯಿಂದ ಪಾಲಿಸಲಾಗುತ್ತದೆ. ಭಾನುವಾರ ಗುಮಾಸ್ತನೊಬ್ಬ ಊರಲ್ಲಿಲ್ಲವೆಂದು ತಿಳಿದರೆ ಹಳೆಯ ಕಡತಗಳು ಏನು ಮಾಡಿಕೊಂಡಾವೋ ಹೇಳಲಾಗದು.

ಅಲ್ಲಿನ ಹಿರಿಯ ಸಹಾಯಕ ವೆಂಕಟೇಶ ಅವರು ದಿಲ್‌ಸುಖ್‌ನಗರದ ನಿವಾಸಿ. ಅವರ ಪತ್ನಿ ಮಂದಾಕಿನಿಯವರ ಎರಡೂ ಮೊಣಕಾಲು ಸವೆದಿದ್ದವು. ಮಳೆಗಾಲ ಮುಗಿದೊಡನೆ ಆಪರೇಷನ್ ಆಗಲೇಬೇಕೆಂದು ಡಾಕ್ಟರು ಹೇಳಿದ್ದರು. ಅದಕ್ಕೂ ಮೊದಲು, ಇರುವ ಕಾಲಿನಲ್ಲೇ, ಮಬ್ಬುಕೊಂಡವೆಂಬ ಪುಟ್ಟ ಬೆಟ್ಟದೂರಿಗೆ ಹೋಗಿ ಮುನ್ನೂರ ಹನ್ನೆರಡು ಮೆಟ್ಟಿಲು ಹತ್ತಿ ಮೋಡದೊಳಗೆ ನಿಲ್ಲಬೇಕೆಂಬುದು ಆಕೆಯ ಆಸೆ. ಮದುವೆಯಾಗಿ ಇಪ್ಪತ್ತಾರು ವರ್ಷದಲ್ಲಿ ಗಂಡನನ್ನು ಕೇಳಿದ್ದು ಇದೊಂದೇ. ವೆಂಕಟೇಶ ಅವರು ಶನಿವಾರ, ಭಾನುವಾರದ ಅನುಮತಿಗೆ ನಲವತ್ತು ದಿನ ಮುಂಚೆಯೇ ಅರ್ಜಿ ಕೊಟ್ಟರು.

ಕಡತ ಕ್ರಮಬದ್ಧವಾಗಿ ಚಲಿಸಿತು. ಮೊದಲನೆಯ ಮೇಜು ಬೆಟ್ಟದ ಎತ್ತರ ಕೇಳಿತು. ಎರಡನೆಯದು, ಕಚೇರಿಯಲ್ಲಿ ಕೂಲರ್ ಇರುವಾಗ ನೌಕರನಿಗೆ ಪ್ರತ್ಯೇಕ ತಂಪಿನ ಅಗತ್ಯವೇನೆಂದು ವಿವರಣೆ ಬಯಸಿತು. ಕೂಲರ್ ಮೂರು ವರ್ಷದಿಂದ ಕೆಟ್ಟಿದೆ ಎಂದು ವೆಂಕಟೇಶ ಬರೆದರು. ಕೆಟ್ಟಿದ್ದರೂ ಅದು ಇದೆಯೆಂಬುದನ್ನು ಅರ್ಜಿದಾರರೇ ಒಪ್ಪಿದ್ದಾರೆಂದು ಷರಾ ಬಂತು. ಮೂರನೆಯ ಮೇಜಿಗೆ, ಸದರಿ ದಿನಗಳಂದು ಮೋಡ ಹಾಜರಿರುವ ಬಗ್ಗೆ ಸ್ಥಳೀಯ ಪಂಚಾಯತಿಯ ಪ್ರಮಾಣಪತ್ರ ಬೇಕಾಯಿತು. ಅದನ್ನೂ ತರಿಸಿ ಕೊಟ್ಟರು.

ಆ ಶನಿವಾರ ಬಂತು, ಭಾನುವಾರವೂ ಬಂತು. ಮಂದಾಕಿನಿಯವರು ಸುಲ್ತಾನ್ ಬಜಾರಿನಲ್ಲಿ ಕೊಂಡ ಸ್ವೆಟರ್ ಹಾಕಿಕೊಂಡು, ಚೀಲ ಪಕ್ಕಕ್ಕಿಟ್ಟುಕೊಂಡು, ಎರಡೂ ದಿನ ಫ್ಯಾನಿನ ಕೆಳಗೆ ಕೂತಿದ್ದರು. ಬುಧವಾರ ಅನುಮತಿ ಬಂತು.

ಕಚೇರಿ ಅಧೀಕ್ಷಕ ಅಮರೇಶಪ್ಪ ರಾಯಚೂರು ಕಡೆಯವರು, ಮನುಷ್ಯತ್ವ ಇದ್ದವರು. ಆದೇಶ ಕೈಗಿತ್ತು, ಪ್ರವಾಸ ಹೇಗಾಯಿತೆಂದು ವಿಚಾರಿಸಿದರು.

“ನಾವು ಹೋಗೇ ಇಲ್ರಿ ಸರ್,” ಎಂದರು ವೆಂಕಟೇಶ.

“ಹಂಗನ್ನಬ್ಯಾಡ್ರಿ. ಇದ್ರಾಗ ಏಳು ಮಂದಿ ಸಹಿ ಐತಿ. ನೀವು ಹೋಗಿಲ್ಲಂದ್ರ ಅವರೆಲ್ಲಾ ಇಷ್ಟು ದಿನ ಏನು ಮಾಡಿದಂಗಾತು?”

ಅಲ್ಲದೆ, ಪ್ರವಾಸ ರದ್ದುಪಡಿಸುವವರು ಹದಿನೈದು ದಿನ ಮೊದಲೇ ತಿಳಿಸಬೇಕೆಂದು ನಿಯಮವಿತ್ತು. ಆ ಗಡುವು ದಾಟಿದ್ದರಿಂದ ಹೋಗದೇ ಇರುವ ಅವಕಾಶ ವೆಂಕಟೇಶ ಅವರಿಗೆ ಉಳಿದಿರಲಿಲ್ಲ. ಮೂರು ದಿನದೊಳಗೆ ಪ್ರವಾಸ ವರದಿ ಸಲ್ಲಿಸುವುದಷ್ಟೇ ಬಾಕಿಯಿತ್ತು.

ಅವರು ಯಾವ ಕೆಲಸವನ್ನೂ ಕಾಟಾಚಾರಕ್ಕೆ ಮಾಡಿದವರಲ್ಲ. ವರದಿಯಲ್ಲಿ ಹೆಂಡತಿಯನ್ನು ಮುನ್ನೂರ ಹನ್ನೆರಡು ಮೆಟ್ಟಿಲೂ ಹತ್ತಿಸಿದರು, ನಡುವೆ ಎಲ್ಲೂ ಕೂರಿಸಲಿಲ್ಲ. ಮೋಡ ಬಂದು ಆಕೆಯ ಸೆರಗು ಒದ್ದೆ ಮಾಡಿತೆಂದೂ ಬರೆದರು. ಇದನ್ನು ಮಾದರಿ ವರದಿಯೆಂದು ಘೋಷಿಸಿ ನೋಟಿಸ್ ಬೋರ್ಡಿಗೆ ಅಂಟಿಸಲಾಯಿತು.

ಮುಂದಿನ ವಾರ ಅವರು ಮತ್ತೆ ಅನುಮತಿ ಕೇಳಿದರು. ಒಬ್ಬ ನೌಕರನಿಗೆ ಮೂರು ವರ್ಷಕ್ಕೆ ಒಂದೇ ಬೆಟ್ಟವೆಂದು ಅರ್ಜಿ ವಾಪಸಾಯಿತು. ಮಳೆಗಾಲ ಮುಗಿಯಿತು. ಪತ್ನಿಯ ಆಪರೇಷನ್ನಿಗಾಗಿ ಹದಿನೈದು ದಿನ ರಜೆ ಕೋರಿದಾಗ ಬಂದ ಆದೇಶ ಹೀಗಿತ್ತು: “ಅರ್ಜಿದಾರರ ಸ್ವಂತ ವರದಿಯ ಪ್ರಕಾರ ಸದರಿ ಮೊಣಕಾಲುಗಳು ಮುನ್ನೂರ ಹನ್ನೆರಡು ಮೆಟ್ಟಿಲುಗಳನ್ನು ನಿರಾತಂಕವಾಗಿ ಹತ್ತಿರುತ್ತವೆ. ಆದ್ದರಿಂದ ಅವು ಸುಸ್ಥಿತಿಯಲ್ಲಿವೆ ಎಂದು ಪರಿಗಣಿಸಿ ರಜೆಯನ್ನು ನಿರಾಕರಿಸಲಾಗಿದೆ.” ವೆಂಕಟೇಶ ಎರಡು ಸಲ ಓದಿದರು. ಆದೇಶದ ಒಕ್ಕಣೆಯಲ್ಲಿ ತಪ್ಪೇನೂ ಕಾಣಲಿಲ್ಲ.

ವರದಿಯ ಸುದ್ದಿ ಕಾಲೊನಿಗೂ ಮುಟ್ಟಿತ್ತು. ಆ ಸಂಜೆ ಪಕ್ಕದ ಮನೆಯ ಧನಶ್ರೀ ಬಂದು, ಅಷ್ಟು ಮೆಟ್ಟಿಲು ಹತ್ತುವುದು ಕಷ್ಟವಾಗಲಿಲ್ಲವೇ ಎಂದು ಕೇಳಿದಳು.

ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ ಮಂದಾಕಿನಿಯವರು ಗಂಡನ ಮುಖವನ್ನೊಮ್ಮೆ ನೋಡಿದರು.

“ಹತ್ತೋದೇನು ಕಷ್ಟ ಆಗ್ಲಿಲ್ಲವ್ವಾ,” ಎಂದರು. “ಇಳಿಯೋವಾಗ ಹೋದ್ವು ನೋಡು ಮೊಣಕಾಲು.”

ವೆಂಕಟೇಶ ತಲೆಯಾಡಿಸಿದರು. ಇಳಿದದ್ದನ್ನು ವರದಿಯಲ್ಲಿ ಬರೆಯಲು ಅವರಿಗೆ ಮರೆತುಹೋಗಿತ್ತು.