ಮೇಷ್ಟ್ರ ಏಳು ನಂಬರಿನ ಪಾದ

ಊರಿನ ಮಕ್ಕಳ ಸಾವಿರಾರು ಲೆಕ್ಕ ತಿದ್ದಿದ್ದ ಗಣಿತದ ಮೇಷ್ಟ್ರು ತಮ್ಮದೊಂದು ಲೆಕ್ಕವನ್ನು ಮಾತ್ರ ಯಾರೂ ಮುಟ್ಟಲು ಬಿಟ್ಟವರಲ್ಲ. ಅದು ಅವರ ಪಾದದ ಅಳತೆ. ಮದುವೆಯ ಹೊತ್ತಿಗೆ ಅದು ಏಳು ನಂಬರು. ಆಮೇಲೆ ತಲೆಗೂದಲು ಉದುರಿತು, ಕನ್ನಡಕದ ನಂಬರು ನಾಲ್ಕು ಸಲ ಬದಲಾಯಿತು. ಪಾದ ಮಾತ್ರ ಸ್ಥಿರಾಂಕ. ಸಂಜೆ ಶಾಲೆಯಿಂದ ಬಂದವರೇ ಕುರ್ಚಿಯಲ್ಲಿ ಕುಸಿದು ಕೂತು ಲೋಕದ ಮೇಲೆಲ್ಲ ರೇಗುತ್ತಿದ್ದರು. ಬಂಧುಬಳಗದವರು ಅದನ್ನು ಸ್ವಭಾವ ಎಂದುಕೊಂಡಿದ್ದರು. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಹೆಂಡತಿ ಮಾತ್ರ ಅದನ್ನು ಊತ ಎನ್ನುತ್ತಿದ್ದಳು.

ಕಳೆದ ವರ್ಷ ಶಾಲೆಯ ಸಿಬ್ಬಂದಿಯೆಲ್ಲ ಸಂಸಾರ ಸಮೇತ ಬೆಟ್ಟಕ್ಕೆ ಹೋದಾಗ ಮೇಷ್ಟ್ರು ಹತ್ತಿದ್ದೇನೋ ಸರಿಯಾಗಿಯೇ. ಇಳಿಯುವಾಗ ಹೆಬ್ಬೆರಳು ಹೆಜ್ಜೆಹೆಜ್ಜೆಗೂ ಷೂವಿನ ಮೂತಿಗೆ ಗುದ್ದಿ, ಅರ್ಧ ದಾರಿಯಲ್ಲಿ ಉಗುರು ರಾಜೀನಾಮೆ ಕೊಟ್ಟಿತು. ಉಳಿದರ್ಧವನ್ನು ಅವರು ಪಿ.ಟಿ. ಮೇಷ್ಟ್ರ ಬೆನ್ನ ಮೇಲೆ ಕ್ರಮಿಸಿದರು. ಹಾಗಾಗಿ ಈ ವರ್ಷ ಹೆಡ್‌ಮಿಸ್ಸು ಬಹಳ ಮೃದುವಾಗಿ, ನೀವು ಕೆಳಗೆ ಬಸ್ಸಿನ ಹತ್ತಿರವೇ ಇದ್ದು ಬ್ಯಾಗುಗಳನ್ನು ನೋಡಿಕೊಂಡರೆ ನಮಗೆಲ್ಲ ಒಂದು ಧೈರ್ಯ ಎಂದರು. ಇಪ್ಪತ್ತೆರಡು ವರ್ಷ ಪಾಠ ಹೇಳಿದವನು ಬ್ಯಾಗು ಕಾಯುವುದೇ? ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ಎದ್ದು ನಿಂತು, ಈ ಸಲ ಎಲ್ಲರಿಗಿಂತ ಮುಂದೆ ನಡೆಯುವವನು ನಾನೇ, ಹೋದ ವರ್ಷದ ತಪ್ಪು ಷೂವಿನದು, ಕಾಲಿನದಲ್ಲ ಎಂದು ಘೋಷಿಸಿಬಿಟ್ಟರು.

ಅಂದಿನಿಂದ ಮನೆಗೆ ಶಸ್ತ್ರಾಸ್ತ್ರಗಳು ಬರತೊಡಗಿದವು. ಎಂಟು ಜೇಬಿನ ಬೆನ್ನುಚೀಲ, ಮಡಚುವ ಕೋಲು, ಸೀಟಿ, ಒಂದೇ ದಾರಿಯಿರುವ ಬೆಟ್ಟಕ್ಕೊಂದು ದಿಕ್ಸೂಚಿ. (ಮನೆಯಲ್ಲಿ ಅದರ ಮುಳ್ಳು ಸದಾ ಅಡುಗೆಮನೆಯತ್ತ ತಿರುಗಿರುತ್ತಿತ್ತು, ಮೇಷ್ಟ್ರ ಮೂಗೂ ಹಾಗೆಯೇ.) ಬೆಟ್ಟ ಹತ್ತುವುದು ಬೆನ್ನಲ್ಲ, ಕಾಲು ಎಂದು ಹೆಂಡತಿ ನೆನಪಿಸಿದಳು. ಷೂ ಕೊಳ್ಳಲು ಸಂಜೆಯೇ ಹೋಗಬೇಕು, ಕಾಲು ಊದಿಕೊಂಡಾಗಲೇ ಅಳತೆ ನಿಜ ಹೇಳುವುದು ಎಂದು, ದಪ್ಪ ಉಣ್ಣೆಯ ಕಾಲುಚೀಲ ತೊಡಿಸಿಯೇ ಕರೆದೊಯ್ದಳು.

ಅಂಗಡಿಯವನು ಮೇಷ್ಟ್ರ ಪಾದವನ್ನು ಅಳತೆಪಟ್ಟಿಯ ಮೇಲಿಟ್ಟು ಬಗ್ಗಿ ನೋಡಿದ.

"ಒಂಬತ್ತು ಸಾರ್."

"ಏಳು," ಎಂದರು ಮೇಷ್ಟ್ರು.

"ಪಟ್ಟಿ ಒಂಬತ್ತು ಅಂತಿದೆ ಸಾರ್."

"ನಿಮ್ಮ ಪಟ್ಟಿ ಯಾವ ಸ್ಕೂಲಲ್ಲಿ ಓದಿದ್ದು?"

ಅವನು ತೆಪ್ಪಗೆ ಏಳು ತಂದುಕೊಟ್ಟ. ಇಳಿಜಾರಿನಲ್ಲಿ ಬೆರಳು ತಗಲುತ್ತದೆಯೇ ಎಂದು ಪರೀಕ್ಷಿಸಲು ಅಂಗಡಿಯ ಮೂಲೆಯಲ್ಲಿ ಒಂದು ಮರದ ಹಲಗೆಯನ್ನು ಓರೆಯಾಗಿ ಇಟ್ಟಿದ್ದರು. ಮೇಷ್ಟ್ರು ಅದರ ಮೇಲಿಂದ ನಾಲ್ಕು ಹೆಜ್ಜೆ ಇಳಿದರು. ತುಟಿಯಲ್ಲಿ ನಗು, ಕಣ್ಣಲ್ಲಿ ನೀರು. ಹೇಳಿ ಮಾಡಿಸಿದ ಹಾಗಿದೆ ಎಂದರು.

ಹೆಂಡತಿ ಅಂಗಡಿಯವನನ್ನು ಪಕ್ಕಕ್ಕೆ ಕರೆದು ಏನೋ ಪಿಸುಗುಟ್ಟಿದಳು. ಅವನು ಒಳಗೆ ಹೋಗಿ ಇನ್ನೊಂದು ಡಬ್ಬಿ ತಂದ. ಮುಚ್ಚಳದ ಮೇಲೆ ದಪ್ಪ ಪೆನ್ನಿನ, ಇನ್ನೂ ಒಣಗದ ಏಳು. ಈ ಕಂಪನಿಯ ಏಳು ಸ್ವಲ್ಪ ಧಾರಾಳ ಎಂದ. ಮೇಷ್ಟ್ರು ಮತ್ತೆ ಹಲಗೆ ಇಳಿದರು. ಬೆರಳ ಮುಂದೆ ಹೆಬ್ಬೆಟ್ಟಿನಗಲ ಜಾಗ, ಹಿಮ್ಮಡಿ ಕದಲಲಿಲ್ಲ.

"ನೋಡಿದ್ಯಾ? ಏಳೇ," ಎಂದರು ಹೆಂಡತಿಗೆ. ಷೂವಿನ ನಾಲಿಗೆಯ ಒಳಗೆ ಅಚ್ಚಾಗಿದ್ದ ನಂಬರನ್ನು ಅವರು ನೋಡಲಿಲ್ಲ. (ನಾಲಿಗೆ ನಿಜ ನುಡಿದುಬಿಟ್ಟೀತು ಎಂಬ ಅಳುಕು ಒಳಗೊಳಗೇ ಇದ್ದಿರಬೇಕು.)

ಭಾನುವಾರ ಬೆಟ್ಟದ ದಾರಿಯಲ್ಲಿ ಮೇಷ್ಟ್ರೇ ಮುಂದು. ದಾರಿಯುದ್ದಕ್ಕೂ ಪಾದರಕ್ಷಾಶಾಸ್ತ್ರದ ಉಪನ್ಯಾಸ: ಮನುಷ್ಯನಿಗೆ ತನ್ನ ಅಳತೆ ತನಗೆ ಗೊತ್ತಿರಬೇಕು, ನನ್ನದು ಏಳು, ಎಂದೆಂದಿಗೂ ಏಳು. ಪಿ.ಟಿ. ಮೇಷ್ಟ್ರು ಏದುಸಿರಿನಲ್ಲೇ ಹೂಂಗುಟ್ಟಿದರು.

ತುದಿಯಲ್ಲಿದ್ದ ತಂಗುಮನೆಯದು ಮರದ ನೆಲ. ಷೂ ಬಿಚ್ಚಿ ಕಾವಲುಗಾರನ ಕೈಗೆ ಕೊಟ್ಟೇ ಒಳಗೆ ಬರಬೇಕು. ಊಟ ಮುಗಿಯುವಷ್ಟರಲ್ಲಿ ಅವನು ಎಲ್ಲವನ್ನೂ ಕೆಸರು ಕೆರೆದು ಗೂಡುಗಳಲ್ಲಿ ಜೋಡಿಸಿದ್ದ. ಹೊರಡುವಾಗ ಒಂದೊಂದೇ ಜೋಡಿ ಎತ್ತಿ, ಒಳಗಿನ ನಂಬರು ಓದಿ ಕೂಗುವುದು, ಷೂವಿನವರು ಅದೇ ನಂಬರನ್ನು ತಿರುಗಿ ಹೇಳಿದರೆ ಕೊಡುವುದು ಅವನ ಪದ್ಧತಿ. ಐದು, ಹೆಡ್‌ಮಿಸ್ಸು. ಎಂಟು, ಪಿ.ಟಿ. ಮೇಷ್ಟ್ರು. ಹೀಗೆ ಗೂಡುಗಳೆಲ್ಲ ಖಾಲಿಯಾಗಿ ಉಳಿದದ್ದು ಒಂದೇ ಜೋಡಿ.

"ಒಂಬತ್ತು ಯಾರದು?"

ಮೇಷ್ಟ್ರು ಕಿಟಕಿಯಾಚೆಯ ಪ್ರಕೃತಿ ಸೌಂದರ್ಯ ಸವಿಯತೊಡಗಿದರು. ಯಾರದೂ ಅಲ್ಲದಿದ್ದರೆ ಮುಂದಿನ ಭಾನುವಾರದವರೆಗೆ ಬೀಗ ಹಾಕಿಡುತ್ತೇನೆ ಎಂದ ಕಾವಲುಗಾರ. ಕೆಳಗೆ ಎರಡು ಗಂಟೆಯ ಕಲ್ಲುದಾರಿ. ಕಾಲಲ್ಲಿ ಬರೀ ಉಣ್ಣೆ. ಹೆಂಡತಿ ಆಗಲೇ ತನ್ನ ಲೇಸು ಕಟ್ಟಿ ಮುಗಿಸಿದ್ದಳು. ಅತ್ತ ಪಿ.ಟಿ. ಮೇಷ್ಟ್ರು ಯಾತಕ್ಕೂ ಇರಲಿ ಎಂದು ಸೊಂಟ ಬಗ್ಗಿಸಿ ಸಡಿಲ ಮಾಡಿಕೊಳ್ಳುತ್ತಿದ್ದರು.

"ನಂದು," ಎಂದರು ಮೇಷ್ಟ್ರು.

"ಎಷ್ಟು ನಂಬರು? ನಂಬರು ಹೇಳಿದ್ರೇನೇ ಕೊಡೋದು."

ಮೇಷ್ಟ್ರು ಕಣ್ಣು ಮುಚ್ಚಿಕೊಂಡು ಒಂಬತ್ತು ಎಂದು ಕೂಗಿಬಿಟ್ಟರು. ಎದುರುಗಡೆಯ ಬೆಟ್ಟ ಅದನ್ನು ಎರಡೆರಡು ಸಲ ಹೇಳಿ ಉತ್ತರ ತಾಳೆ ನೋಡಿತು.

ಆಶ್ಚರ್ಯವೆಂದರೆ ಯಾರೂ ನಗಲಿಲ್ಲ. ಪಿ.ಟಿ. ಮೇಷ್ಟ್ರು ಸೊಂಟ ನೆಟ್ಟಗೆ ಮಾಡಿಕೊಂಡು ಅಬ್ಬಾ ಎಂದರು, ಅಷ್ಟೆ. ಇಳಿಯುವಾಗಲೂ ಮೇಷ್ಟ್ರೇ ಮುಂದು. ಬಸ್ಸಿನ ಹತ್ತಿರ ಬಂದು ಕಾಲುಚೀಲ ಬಿಚ್ಚಿ ಹಾಜರಿ ತೆಗೆದರು: ಹತ್ತಕ್ಕೆ ಹತ್ತೂ ಉಗುರು ಹಾಜರ್. ಹೆಬ್ಬೆರಳಿನಲ್ಲಿ ಇಪ್ಪತ್ತೆರಡು ವರ್ಷ ಕಟ್ಟಿಹೋಗಿದ್ದ ಉಸಿರು ಈಗ ಹೊರಬಂದಂತೆನಿಸಿತು.

"ನಿಜ ಹೇಳಿದ್ರೆ ಎಷ್ಟು ಹಗುರ ಆಗುತ್ತೆ ಗೊತ್ತೇನೇ," ಎಂದರು ಹೆಂಡತಿಗೆ. "ಇನ್ಮೇಲೆ ಅಳತೆ ವಿಷಯದಲ್ಲಿ ಸುಳ್ಳು ಬೇಡ."

"ಒಳ್ಳೇದಾಯ್ತು ಬಿಡಿ. ನಾಳೆ ಟೈಲರ್‌ಗೂ ಒಂದು ಮಾತು ಹೇಳ್ಬಿಡ್ತೀನಿ. ಪಾಪ, ಅವರು ನಿಮ್ಮ ಸೊಂಟ ಮೂವತ್ತೆರಡು ಅಂತ ಬರ್ಕೊಂಡು ಹತ್ತು ವರ್ಷದಿಂದ ನಲವತ್ತು ಹೊಲೀತಿದಾರೆ."